ಬೇರಿನ ಅಣಬೆ, ಕಾಡಿನ ಮರ, ಕಾಡುಪ್ರಾಣಿ: ಮೈಕೊರೈಜಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಗಳಲ್ಲಿ ಕಾಡುಮರದ ಸಸಿ ಬೆಳೆಸುವವರು, ತೋಟದವರು, ಮಳೆಗಾಲದಲ್ಲಿ ಅಣಬೆ ಹುಡುಕುವವರು ಕೇಳುವ ಪ್ರಶ್ನೆಗಳು ಇವು. ಪ್ರಾಣಿಗಳ ಸಂಗತಿಯಲ್ಲಿ ಮಾತ್ರ ಹೊರದೇಶದ ಕಾಡುಗಳಿಗೆ ಹೋಗಬೇಕಾಗಿದೆ. ಆ ಬಗ್ಗೆ ಸಂಶೋಧನೆ ಚೆನ್ನಾಗಿ ನಡೆದಿರುವುದು ಅಲ್ಲಿ.

ಮೈಕೊರೈಜಾ ಅನ್ನುವುದು ಒಂದು ಶಿಲೀಂಧ್ರದ ಹೆಸರೇ?

ಅಲ್ಲ. ಶಿಲೀಂಧ್ರವೂ ಬೇರೂ ಕೂಡಿ ಆಗುವ ಜೋಡಿ ಅಂಗಕ್ಕೆ ಆ ಹೆಸರು. ಗ್ರೀಕ್ ಭಾಷೆಯಲ್ಲಿ ‘ಮೈಕೆಸ್’ ಅಂದರೆ ಅಣಬೆ, ‘ರೈಜಾ’ ಅಂದರೆ ಬೇರು. ನೆಲದೊಳಗೆ ಬೆಳೆಯುವ ದುಬಾರಿ ಅಣಬೆ ಟ್ರಫಲ್ಲನ್ನು ಕೃಷಿ ಮಾಡಲು ಸಾಧ್ಯವೇ ನೋಡಿ ಎಂದು ಪ್ರಷ್ಯಾ ಸರ್ಕಾರ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅವರಿಗೆ ಹೇಳಿತ್ತು. ಅವರಿಗೆ ಟ್ರಫಲ್ ಕೃಷಿ ಕೈಗೆ ಹತ್ತಲಿಲ್ಲ. ಆದರೆ ಮರದ ಸಣ್ಣ ಬೇರುಗಳ ತುದಿಗೆಲ್ಲ ಶಿಲೀಂಧ್ರದ ಹೊದಿಕೆ ಇರುವುದು ಕಂಡಿತು. 1885ರಲ್ಲಿ ಅದಕ್ಕೆ ಈ ಹೆಸರಿಟ್ಟರು.

ನಂಟು ಮಾತ್ರ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಿಂದಿನ ಗಿಡಗಳ ಪಳೆಯುಳಿಕೆಯೊಳಗೂ ಈ ಶಿಲೀಂಧ್ರ ಇದೆ. ಆ ಗಿಡಗಳಿಗೆ ಇನ್ನೂ ಸರಿಯಾದ ಬೇರೇ ಮೂಡಿರಲಿಲ್ಲ.

ಎಷ್ಟು ಬಗೆ ಇವೆ? ನಮ್ಮ ಮರ ಯಾವ ಬಗೆಗೆ ಸೇರುತ್ತದೆ?

ಬೇರೆ ಏನನ್ನು ಓದದಿದ್ದರೂ ಇದೊಂದು ಉತ್ತರ ಓದಿ. ದುಡ್ಡು ದಂಡವಾಗುವುದು ಹೆಚ್ಚಾಗಿ ಇಲ್ಲಿಯೇ.

ಮೊದಲನೆಯದು ಅರ್ಬಸ್ಕ್ಯುಲರ್ ಬಗೆ. ರೈತರ ಬಾಯಲ್ಲಿ ‘ವ್ಯಾಮ್’. ಶಿಲೀಂಧ್ರದ ಎಳೆ ಬೇರಿನ ಜೀವಕೋಶದ ಗೋಡೆ ದಾಟಿ ಒಳಹೊಕ್ಕು ಅಲ್ಲಿ ಪುಟ್ಟ ಪೊದೆಯಂತೆ ಕವಲೊಡೆಯುತ್ತದೆ. ಹೊರಗಿನಿಂದ ಬೇರು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೇಲೆ ಅಣಬೆಯೂ ಏಳುವುದಿಲ್ಲ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಮಾವು, ಶ್ರೀಗಂಧ ಇದೇ ಗುಂಪು. ಅಡಿಕೆ, ತೆಂಗು, ಕಾಫಿ, ಕಾಳುಮೆಣಸು, ಬಾಳೆ, ರಾಗಿ, ಜೋಳವೂ ಇದೇ ಗುಂಪು.

ಎರಡನೆಯದು ಎಕ್ಟೊ ಬಗೆ. ಇಲ್ಲಿ ಎಳೆಗಳು ಜೀವಕೋಶದ ಒಳಗೆ ಹೋಗುವುದಿಲ್ಲ. ಬೇರಿನ ತುದಿಗೆ ಕಾಲುಚೀಲ ಹಾಕಿದ ಹಾಗೆ ಹೊರಗೆ ಹೊದಿಕೆ ನೇಯ್ದು, ಜೀವಕೋಶಗಳ ಸಂದಿಯಲ್ಲಿ ಬಲೆ ಕಟ್ಟುತ್ತವೆ. ಕೊಡೆ ಬಿಚ್ಚಿದಂಥ ಅಣಬೆ ಏಳುವುದು ಈ ಬಗೆಯಲ್ಲಿ. ಸಸ್ಯಜಾತಿಗಳಲ್ಲಿ ಇಂಥವು ನೂರಕ್ಕೆ ಎರಡರಷ್ಟೇ ಇರಬಹುದು, ಆದರೆ ಪೈನ್, ಓಕ್, ಬರ್ಚ್ ಸೇರಿದ ಚಳಿನಾಡಿನ ದೊಡ್ಡ ಕಾಡುಗಳು ಬಹುಪಾಲು ಇದೇ ಬಗೆ. ನಮ್ಮ ಘಟ್ಟದಲ್ಲಿ ಧೂಪದ ಕುಟುಂಬ ಈ ಗುಂಪಿನದು: ಧೂಪ (ವಟೀರಿಯಾ ಇಂಡಿಕಾ), ಹೈಗ (ಹೋಪಿಯಾ ಪೊಂಗಾ), ಕಿರಾಲುಬೋಗಿ (ಹೋಪಿಯಾ ಪಾರ್ವಿಫ್ಲೋರಾ), ಡಿಪ್ಟೆರೊಕಾರ್ಪಸ್ ಇಂಡಿಕಸ್. ಕೊಡಗಿನ ಉಪ್ಪಂಗಳದ ಧೂಪದ ಕಾಡಿನಲ್ಲಿ ಇಂಥ ಅಣಬೆಗಳ ಪಟ್ಟಿ ಮಾಡಿದ್ದಾರೆ. ಮಡಗಾಸ್ಕರಿನ ಒಂದು ಸೋದರ ಕುಟುಂಬದ ಮರಗಳಲ್ಲಿಯೂ ಇದೇ ಬಗೆ ಇದೆ. ಹಾಗಾಗಿ ಭಾರತದ ಭೂಭಾಗ ಮಡಗಾಸ್ಕರಿನಿಂದ ಬಿಡಿಸಿಕೊಳ್ಳುವ ಮೊದಲೇ, ಅಂದರೆ ಸುಮಾರು 8.8 ಕೋಟಿ ವರ್ಷ ಹಿಂದೆಯೇ, ಈ ನಂಟು ಇತ್ತೆಂದು ಊಹಿಸುತ್ತಾರೆ.

ಅಕೇಶಿಯಾ, ಗಾಳಿಮರ, ನೀಲಗಿರಿ ಎರಡೂ ಬಗೆಯನ್ನು ಕಟ್ಟಿಕೊಳ್ಳುತ್ತವೆ. ಬಡ ಜಂಬಿಟ್ಟಿಗೆ ನೆಲದಲ್ಲಿಯೂ, ಕಡಲದಂಡೆಯ ಮರಳಿನಲ್ಲಿಯೂ ಅವು ದಬಾಯಿಸಿ ಬೆಳೆಯುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಆರ್ಕಿಡ್‌ಗಳದು. ಸೀತಾಳೆ ದಂಡೆಯ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಬುತ್ತಿ ಇಲ್ಲ. ಕಾಡಿನಲ್ಲಿ ಅದು ಮೊಳೆಯಬೇಕಾದರೆ ಶಿಲೀಂಧ್ರವೇ ಊಟ ಹಾಕಬೇಕು.

ಹರಿವೆ, ಪಾಲಕ್, ಬೀಟ್‌ರೂಟ್, ಎಲೆಕೋಸು, ಮೂಲಂಗಿ, ಸಾಸಿವೆಗಳು ಸಾಮಾನ್ಯವಾಗಿ ಯಾವ ಬಗೆಯನ್ನೂ ಕಟ್ಟಿಕೊಳ್ಳುವುದಿಲ್ಲ. ಅವಕ್ಕೆ ವ್ಯಾಮ್ ಪುಡಿ (ಈ ಶಿಲೀಂಧ್ರ ಬೆರೆಸಿ ಅಂಗಡಿಯಲ್ಲಿ ಮಾರುವ ಪುಡಿ) ಹಾಕುವುದು ದಂಡ.

ಈ ಕೊಡುಕೊಳ್ಳುವಿಕೆಯಲ್ಲಿ ಮರಕ್ಕೆ ಸಿಗುವುದೇನು?

ಮುಖ್ಯವಾಗಿ ರಂಜಕ. ನಮ್ಮ ಕೆಂಪು, ಹುಳಿ ಮಣ್ಣಿನಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ರಂಜಕವನ್ನು ಹಿಡಿದು ಕೂರುತ್ತವೆ. ಅದು ನೀರಿನೊಂದಿಗೆ ಹರಿದು ಬೇರಿನ ಬಳಿ ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿದ್ದುದನ್ನು ಹೀರಿ ಮುಗಿಸಿದ ಮೇಲೆ ಅಲ್ಲಿ ಬರಿದು. ಶಿಲೀಂಧ್ರದ ಎಳೆ ಮಿಲಿಮೀಟರಿನ ನೂರನೇ ಒಂದು ಪಾಲಿನ ಆಸುಪಾಸಿನಷ್ಟು ತೆಳು, ಹಾಗಾಗಿ ಬೇರು ತೂರದ ಸಂದಿಯಲ್ಲಿ ತೂರಿ ಹಲವು ಸೆಂಟಿಮೀಟರ್ ಆಚೆಯಿಂದ ತರುತ್ತದೆ. ಸತು, ತಾಮ್ರ, ಸ್ವಲ್ಪ ಸಾರಜನಕವೂ ಬರುತ್ತವೆ. ಎಕ್ಟೊ ಬಗೆಯ ಶಿಲೀಂಧ್ರಗಳಲ್ಲಿ ಹಲವು ತರಗೆಲೆಯೊಳಗಿನ ಸಾರಜನಕವನ್ನೂ ಬಿಡಿಸಿ ತರಬಲ್ಲವು.

ಬದಲಿಗೆ ಮರ ತಾನು ಮಾಡಿದ ಸಕ್ಕರೆ, ಕೊಬ್ಬಿನಲ್ಲಿ ಪಾಲು ಕೊಡುತ್ತದೆ. ವ್ಯಾಮ್ ಬಗೆಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಶೇಕಡ 4ರಿಂದ 20. ಇದು ಧರ್ಮಕ್ಕೆ ನಡೆಯುವುದಲ್ಲ, ವ್ಯಾಪಾರ. ಮಣ್ಣಿನಲ್ಲಿ ಕರಗುವ ರಂಜಕ ಧಾರಾಳ ಇದ್ದರೆ ಗಿಡ ಶಿಲೀಂಧ್ರಕ್ಕೆ ಬಾಗಿಲು ಮುಚ್ಚುತ್ತದೆ. ರಂಜಕ ತುಂಬಿದ ಡಿಎಪಿ ಗೊಬ್ಬರ ಸುರಿದ ಬುಡಕ್ಕೆ ವ್ಯಾಮ್ ಹಾಕಿದರೆ ಹತ್ತದಿರುವುದು ಇದಕ್ಕೇ.

ಕಲ್ಲಣಬೆಯನ್ನು ಮನೆಯಲ್ಲಿ ಬೆಳೆಸಬಹುದೇ?

ಆಗುವುದಿಲ್ಲ. ಮುಂಗಾರಿನ ಮೊದಲ ಮಳೆಗಳಿಗೆ ದಕ್ಷಿಣ ಕನ್ನಡ, ಉಡುಪಿಯ ಜಂಬಿಟ್ಟಿಗೆ ಗುಡ್ಡಗಳಲ್ಲಿ ಏಳುವ ಕಲ್ಲಣಬೆ ಆಸ್ಟ್ರಿಯಸ್ ಕುಲದ್ದು, ಎಕ್ಟೊ ಬಗೆಯದು. ಹೈಗದಂಥ ಮರದ ಜೀವಂತ ಬೇರು ಇಲ್ಲದೆ ಅದು ಕಾಯಿ ಕಟ್ಟುವುದಿಲ್ಲ. ಚಿಪ್ಪಣಬೆ ಹಾಗಲ್ಲ. ಅದು ಸತ್ತ ಹುಲ್ಲನ್ನು ತಿಂದು ಬದುಕುತ್ತದೆ, ಆದ್ದರಿಂದ ಚೀಲದಲ್ಲಿ ಬೆಳೆಯುತ್ತದೆ.

ಕಲ್ಲಣಬೆ ಬೇಕಾದರೆ ಮರ ಉಳಿಸಿಕೊಳ್ಳಬೇಕು, ಅಷ್ಟೆ. ಕೊಯ್ಯುವಾಗ ಹಾರೆ, ಪಿಕಾಸಿ ಹಾಕಿ ನೆಲ ಕೆದಕಬೇಡಿ. ಬೆರಳಿನಿಂದಲೋ ಸಣ್ಣ ಕೋಲಿನಿಂದಲೋ ಎಬ್ಬಿಸಿ ತರಗೆಲೆಯನ್ನು ಮತ್ತೆ ಮುಚ್ಚಿ. ಒಳಗೆ ಕಪ್ಪಾದವು ಹೇಗೂ ತಿನ್ನಲು ಬರುವುದಿಲ್ಲ, ಅವನ್ನು ಬೀಜಕಕ್ಕೆಂದು (ಬೀಜದಂತೆ ಶಿಲೀಂಧ್ರದ ಸಂತಾನ ಹರಡುವ ಪುಡಿ) ಅಲ್ಲಿಯೇ ಬಿಡಿ. ಒಂದು ಎಚ್ಚರಿಕೆ: ಅದೇ ಗಾತ್ರದ ಸ್ಕ್ಲೆರೊಡರ್ಮಾ ಎಂಬ ಉಂಡೆ ಅಣಬೆ ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಅದರ ಒಳಗು ಬೇಗನೆ ನೇರಳೆಗಪ್ಪಾಗುತ್ತದೆ. ಪ್ರತಿಯೊಂದನ್ನೂ ಎರಡು ಹೋಳು ಮಾಡಿ, ಒಳಗೆಲ್ಲ ಬೆಳ್ಳಗಿದೆಯೇ ನೋಡಿ. ಬೆಳ್ಳಗಿದ್ದರೂ, ಗುರುತು ಬಲ್ಲ ಹಿರಿಯರಿಗೆ ತೋರಿಸದೆ ಒಲೆ ಹತ್ತಿಸಬೇಡಿ.

ಹುತ್ತದ ಅಣಬೆಯೂ ಮೈಕೊರೈಜಾನೇ?

ಅಲ್ಲ. ಅದರ ನಂಟು ಗೆದ್ದಲಿನ ಜೊತೆ. ಗೆದ್ದಲು ಹುತ್ತದೊಳಗೆ ಜೇನುತಟ್ಟೆಯಂಥ ಹಾಸಿನ ಮೇಲೆ ಆ ಶಿಲೀಂಧ್ರವನ್ನು ಸಾಕುತ್ತದೆ. ಮರದ ಬೇರಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಾಣಿಗಳಿಗೂ ಈ ಶಿಲೀಂಧ್ರಕ್ಕೂ ಏನು ಸಂಬಂಧ?

ಕೊಡೆ ಅಣಬೆಯ ಬೀಜಕ ಗಾಳಿಯಲ್ಲಿ ಹಾರುತ್ತದೆ. ನೆಲದೊಳಗೇ ಹಣ್ಣಾಗುವ ಟ್ರಫಲ್ ಏನು ಮಾಡಬೇಕು? ಹಣ್ಣಾದಾಗ ಕಟುವಾದ ವಾಸನೆ ಬಿಡುತ್ತದೆ. ಮೂಗು ಚುರುಕಾದ ಪ್ರಾಣಿ ಅಗೆದು ತಿನ್ನುತ್ತದೆ, ತಿರುಳು ಅರಗುತ್ತದೆ, ಬೀಜಕ ಹಿಕ್ಕೆಯೊಂದಿಗೆ ಬೇರೆ ಕಡೆ ಬೀಳುತ್ತದೆ.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಡಗ್ಲಸ್ ಫರ್ ಕಾಡುಗಳಲ್ಲಿ ಹಾರುವ ಅಳಿಲು ಮತ್ತು ಕೆಂಬೆನ್ನಿನ ಒಂದು ಸಣ್ಣ ಇಲಿ ಹೀಗೆ ಬದುಕುತ್ತವೆ. ಅಲ್ಲಿನ ಚುಕ್ಕೆಗೂಬೆಗೆ ಹಾರುವ ಅಳಿಲೇ ಮುಖ್ಯ ಊಟ. ಮರ ಕಡಿದರೆ ಟ್ರಫಲ್ ಇಲ್ಲ, ಟ್ರಫಲ್ ಇಲ್ಲದಿದ್ದರೆ ಅಳಿಲು ಇಲ್ಲ, ಕೊನೆಗೆ ಗೂಬೆಯ ಹೊಟ್ಟೆಗೂ ಸಂಚಕಾರ.

ಆಸ್ಟ್ರೇಲಿಯಾದಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿದೆ. ಪೊಟೊರೂ, ಬೆಟಾಂಗ್ ಎಂಬ ಸಣ್ಣ ಚೀಲಹೊಟ್ಟೆಯ ಪ್ರಾಣಿಗಳಿವೆ. ನೀಳಪಾದದ ಪೊಟೊರೂವಿನ ಆಹಾರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೆಲದಡಿಯ ಅಣಬೆಯೇ. ವೊಯ್ಲಿ ಎಂಬ ಬೆಟಾಂಗ್ ಒಂದೇ ವರ್ಷಕ್ಕೆ ಸುಮಾರು 5 ಟನ್ ಮಣ್ಣು ಕೆದಕುತ್ತದೆ. ಆ ಗುಂಡಿಗಳಲ್ಲಿ ನೀರು ಇಂಗುತ್ತದೆ, ತರಗೆಲೆ ಕೊಳೆಯುತ್ತದೆ. ಯುರೋಪಿನಿಂದ ಬಂದ ನರಿಯ ಬಾಯಿಗೆ ಈ ಪ್ರಾಣಿಗಳು ಹೋದ ಕಡೆ ಆ ಕೆಲಸವೂ ನಿಂತಿತು.

ವ್ಯಾಮ್ ಬಗೆಗೂ ಸವಾರಿ ಬೇಕು, ಏಕೆಂದರೆ ಅದರ ಬೀಜಕ ಮಣ್ಣೊಳಗೇ ಹುಟ್ಟುತ್ತದೆ, ಶಿಲೀಂಧ್ರಗಳ ಲೆಕ್ಕದಲ್ಲಿ ಅದು ಬಲು ದಪ್ಪ. ಎರೆಹುಳು, ಇರುವೆ, ಇಲಿಗಳು ಸಾಗಿಸುತ್ತವೆ. ಪನಾಮದ ಮಳೆಕಾಡಿನ ಮುಳ್ಳಿಲಿಯ ಹಿಕ್ಕೆಯಲ್ಲಿ ಇವುಗಳ ಬೀಜಕ ಸಿಕ್ಕಿರುವುದು ದಾಖಲಾಗಿದೆ.

ಪ್ರಾಣಿ ಮಾಡುವುದೆಲ್ಲ ಕಾಡಿಗೆ ಒಳಿತೇ ಆಗಬೇಕೆಂದಿಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾದ ವಿಕ್ಟೋರಿಯಾ ದ್ವೀಪದಲ್ಲಿ ಹೊರಗಿನಿಂದ ತಂದುಬಿಟ್ಟ ಕಾಡುಹಂದಿ, ಜಿಂಕೆಗಳು ಹೊರಗಿನಿಂದಲೇ ಬಂದ ಪೈನ್‌ಗೆ ಬೇಕಾದ ಶಿಲೀಂಧ್ರವನ್ನು ಹಿಕ್ಕೆಯಲ್ಲಿ ಹೊತ್ತು ಹರಡುತ್ತಿವೆ. ಮೂವರೂ ಪರವೂರಿನವರು, ಮೂವರೂ ಸೇರಿ ಮೂಲಕಾಡಿನೊಳಗೆ ನುಗ್ಗುತ್ತಿದ್ದಾರೆ.

ಇನ್ನೊಂದು ವಿಚಿತ್ರ. ಮಣ್ಣಿನಲ್ಲಿ ಕುಪ್ಪಳಿಸುವ ಸ್ಪ್ರಿಂಗ್‌ಟೇಲ್ ಎಂಬ ಸೂಕ್ಷ್ಮ ಹುಳಗಳು ಶಿಲೀಂಧ್ರದ ಎಳೆಗಳನ್ನು ಮೇಯುತ್ತವೆ. ಲಕಾರಿಯಾ ಬೈಕಲರ್ ಎಂಬ ಎಕ್ಟೊ ಶಿಲೀಂಧ್ರ ತಿರುಗಿ ಅವನ್ನೇ ಕೊಂದು, ಅವುಗಳ ಸಾರಜನಕವನ್ನು ಬಿಳಿ ಪೈನ್ ಸಸಿಗೆ ದಾಟಿಸಿತು. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಸಸಿಯ ಸಾರಜನಕದ ಕಾಲುಪಾಲಿನವರೆಗೂ ಹುಳಗಳಿಂದ ಬಂದಿತ್ತು. ಸಾಧು ಮರ ಅಂದುಕೊಂಡದ್ದು ಮಾಂಸಾಹಾರಿಯ ಪಾಲುದಾರ.

ಮರಗಳು ಶಿಲೀಂಧ್ರದ ಜಾಲದಲ್ಲಿ ಮಾತಾಡುತ್ತವಂತೆ, ಮಕ್ಕಳನ್ನು ಸಾಕುತ್ತವಂತೆ. ನಿಜವೇ?

ಅರ್ಧ ನಿಜ. ಒಂದೇ ಶಿಲೀಂಧ್ರದ ಎಳೆಗಳು ಹಲವು ಮರಗಳ ಬೇರಿಗೆ ಹತ್ತಿಕೊಂಡರೆ ಅದೇ ಈ ಜಾಲ. 1997ರಲ್ಲಿ ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ದಾಟುವುದನ್ನು ಕಾಡಿನಲ್ಲಿಯೇ ಅಳೆದರು. 2016ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 40 ಮೀಟರ್ ಎತ್ತರದ ಸ್ಪ್ರೂಸ್ ಮರಗಳಿಗೆ ಗುರುತಿನ ಇಂಗಾಲ (ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚಬಹುದಾದದ್ದು) ಉಣಿಸಿದಾಗ ಅದು ಪಕ್ಕದ ಬೇರೆ ಜಾತಿಯ ಮರಗಳ ಬೇರಿನಲ್ಲಿ ಸಿಕ್ಕಿತು. ದಾಟುತ್ತದೆ ಎನ್ನುವುದು ಸರಿ. ಎಷ್ಟು ಪಾಲು ಎಳೆಯ ಮೂಲಕ, ಎಷ್ಟು ಮಣ್ಣಿನ ಮೂಲಕ, ಅದರಿಂದ ಸಸಿಗೆ ಉಪಯೋಗ ಆಯಿತೇ ಎನ್ನುವಲ್ಲಿ ಜಗಳ ಇದೆ. ತಾಯಿಮರ ತನ್ನ ಮಕ್ಕಳನ್ನೇ ಗುರುತಿಸಿ ಉಣಿಸುತ್ತದೆ ಅನ್ನುವುದಕ್ಕೆ ಕಾಡಿನಲ್ಲಿ ಮಾಡಿದ ಪ್ರಯೋಗಗಳ ಆಧಾರ ಇಲ್ಲವೆಂದು 2023ರಲ್ಲಿ ಜಸ್ಟಿನ್ ಕಾರ್ಸ್ಟ್ ಮತ್ತು ಇಬ್ಬರು ಸಹಸಂಶೋಧಕರು ಹಳೆಯ ಕೆಲಸವನ್ನೆಲ್ಲ ತಿರುವಿಹಾಕಿ ಬರೆದರು. ಅಂತರಜಾಲದಲ್ಲಿ ಓಡಾಡುವ ಕತೆಗಳಿಗಿಂತ ಈ ಅನುಮಾನ ನಮಗೆ ಹೆಚ್ಚು ಒಪ್ಪಿಗೆ.

ಅಂದಹಾಗೆ, ನಮ್ಮ ಕಾಡಿನ ಹೆಚ್ಚಿನ ಮರಗಳು ವ್ಯಾಮ್ ಬಗೆಯವು, ಧೂಪ ಎಕ್ಟೊ ಬಗೆಯದು. ಹಲಸಿಗೂ ಧೂಪಕ್ಕೂ ಒಂದೇ ಜಾಲ ಇರುತ್ತದೆಂದು ಭಾವಿಸಲು ಕಾರಣವಿಲ್ಲ.

ಧೂಪ, ಹೈಗದ ಸಸಿ ನರ್ಸರಿಯಲ್ಲಿ ಮೊಳೆತು ಆಮೇಲೆ ಹಳದಿಯಾಗಿ ನಿಲ್ಲುತ್ತವೆ. ಏಕೆ?

ಕಾರಣ ಹಲವು ಇರಬಹುದು, ಮೊದಲು ಬೇರು ನೋಡಿ. ಧೂಪದ ದಪ್ಪ ಬೀಜದಲ್ಲಿ ಕೆಲವು ತಿಂಗಳಿಗಾಗುವಷ್ಟು ಬುತ್ತಿ ಇದೆ. ಅದು ತೀರಿದಾಗ ಬೇರಿಗೆ ಎಕ್ಟೊ ಶಿಲೀಂಧ್ರ ಹತ್ತಿಕೊಂಡಿರದಿದ್ದರೆ ಸಸಿ ಕುಂತಲ್ಲೇ ಕೂರುತ್ತದೆ. ಚೀಲಕ್ಕೆ ಕೆರೆಗೋಡು, ಮರಳು, ಸಗಣಿಗೊಬ್ಬರ ಮಾತ್ರ ತುಂಬಿದಲ್ಲಿ ಇದು ಸಾಮಾನ್ಯ. ಪೋರ್ಟೊರಿಕೊದಲ್ಲಿ ಪೈನ್ ಬೆಳೆಸುವ ಯತ್ನಗಳು ದಶಕಗಳ ಕಾಲ ಸೋತಿದ್ದವು. 1955ರಲ್ಲಿ ಅಮೆರಿಕದ ನಾರ್ತ್ ಕರೊಲಿನಾದ ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲಷ್ಟೇ ಸಸಿ ಎದ್ದವು.

ಮಾಡಬೇಕಾದ ಕ್ರಮ ಹೀಗೆ. ನಿಮ್ಮದೇ ಜಾಗದ, ಇಲ್ಲವೇ ಒಡೆಯರ ಒಪ್ಪಿಗೆ ಇರುವ ಜಾಗದ, ಅದೇ ಜಾತಿಯ ನಾಲ್ಕೈದು ಆರೋಗ್ಯವಂತ ಮರ ಆರಿಸಿ. (ಮೀಸಲು ಅರಣ್ಯದ ಮೇಲ್ಮಣ್ಣೂ ಅರಣ್ಯ ಉತ್ಪನ್ನವೇ, ಅನುಮತಿ ಇಲ್ಲದೆ ತರುವಂತಿಲ್ಲ.) ತರಗೆಲೆ ಸರಿಸಿ, ಮೇಲಿನ 10–15 ಸೆಂ.ಮೀ. ಮಣ್ಣನ್ನು ಕೂದಲುಬೇರಿನ ಸಮೇತ ತೆಗೆಯಿರಿ, ಗುಂಡಿಯನ್ನು ಮುಚ್ಚಿ. ಬಿಸಿಲಿಗೆ ಒಣಗಿಸಬೇಡಿ, ಒದ್ದೆ ಗೋಣಿಯಲ್ಲಿ ತಂದು ಎರಡು ಮೂರು ದಿನದೊಳಗೆ ಬಳಸಿ. ಚೀಲದ ಮಿಶ್ರಣದ ಹತ್ತು ಪಾಲಿಗೆ ಒಂದು ಪಾಲು ಸಾಕು. ಚೀಲದ ನಡುಮಟ್ಟದಲ್ಲಿ ಪದರವಾಗಿ ಹಾಕಿದರೆ ಇಳಿಯುವ ಬೇರು ಅದನ್ನು ದಾಟಿಯೇ ಹೋಗಬೇಕು. ಬೀಜವನ್ನು ಬಿದ್ದ ಕೆಲವೇ ದಿನಗಳಲ್ಲಿ ಬಿತ್ತಿ. ಧೂಪ, ಹೈಗದ ಬೀಜ ಒಣಗಿದರೆ ಸತ್ತಂತೆ. ನೆರಳು ಇರಲಿ, ನೀರು ನಿಲ್ಲದಿರಲಿ.

ಕಾಡಿನ ಮಣ್ಣಿನಲ್ಲಿ ಬೇರುಕೊಳೆ ರೋಗ, ಜಂತುಹುಳವೂ ಬರಬಹುದು. ಆದ್ದರಿಂದ ಮೊದಲ ವರ್ಷ ಕಾಲುಭಾಗ ಚೀಲಗಳಿಗೆ ಮಾತ್ರ ಹಾಕಿ ನೋಡಿ. ಅಂಗಡಿಯ ವ್ಯಾಮ್ ಪುಡಿ ಈ ಮರಗಳಿಗೆ ಬೇಕಾದ ಎಕ್ಟೊ ಬಗೆಯನ್ನು ಕೊಡುವುದಿಲ್ಲ.

ವ್ಯಾಮ್ ಅನ್ನು ನಾವೇ ಮಾಡಿಕೊಳ್ಳಬಹುದೇ?

ಮಾಡಬಹುದು. ಜೀವಂತ ಬೇರಿಲ್ಲದೆ ಇದು ಬೆಳೆಯದು. ಪುಡಿಯನ್ನು ಬೆಲ್ಲದ ನೀರಿನಲ್ಲಿ ‘ಡೆವಲಪ್’ ಮಾಡಿ ಹೆಚ್ಚಿಸಬಹುದು ಅನ್ನುವುದು ಸುಳ್ಳು ಲೆಕ್ಕ.

ಮಾರ್ಚ್–ಏಪ್ರಿಲ್ ಬಿಸಿಲಲ್ಲಿ ಮಣ್ಣು, ಮರಳನ್ನು ಸಮಪಾಲು ಬೆರೆಸಿ, ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಒತ್ತಿ. ನಾಲ್ಕರಿಂದ ಆರು ವಾರ ಬಿಡಿ. 1 ಮೀಟರ್ ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಸಿ, ತಳಕ್ಕೆ ಹತ್ತಾರು ತೂತು ಮಾಡಿ, ಈ ಮಿಶ್ರಣ 20 ಸೆಂ.ಮೀ. ತುಂಬಿ. ನಂಬಿಕೆಯ ವ್ಯಾಮ್ 1–2 ಕೆ.ಜಿ.ಯನ್ನು ಮೇಲ್ಮೈಯಿಂದ 3–5 ಸೆಂ.ಮೀ. ಕೆಳಗೆ ಪದರವಾಗಿ ಹರಡಿ, ಮುಚ್ಚಿ, 10 ಸೆಂ.ಮೀ. ಅಂತರದಲ್ಲಿ ಮುಸುಕಿನ ಜೋಳ ಬಿತ್ತಿ. ಔಷಧಿ ಲೇಪಿಸಿದ, ಬಣ್ಣದ ಬೀಜ ಬೇಡ. ರಂಜಕದ ಗೊಬ್ಬರ ಬೇಡ. 30ನೇ, 45ನೇ ದಿನ 10 ಗ್ರಾಂ ಯೂರಿಯಾ ಸಾಕು.

ಎರಡೂವರೆಯಿಂದ ಮೂರು ತಿಂಗಳಿಗೆ ನೀರು ನಿಲ್ಲಿಸಿ. ಗಿಡ ಒಣಗಲು ಶುರುವಾದಾಗ ಶಿಲೀಂಧ್ರ ಬೀಜಕ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಹತ್ತು ದಿನ ಬಿಟ್ಟು ದಂಟು ಕೊಯ್ದು, ಬೇರನ್ನು ಅಗೆದು 1 ಸೆಂ.ಮೀ. ತುಂಡು ಮಾಡಿ ಅದೇ ಮಣ್ಣಿಗೆ ಬೆರೆಸಿ. ನೆರಳಲ್ಲಿ ಆರಿಸಿ ಗೋಣಿಯಲ್ಲಿ ಕಟ್ಟಿಡಿ, ಆರು ತಿಂಗಳೊಳಗೆ ಬಳಸಿ.

ನರ್ಸರಿ ಚೀಲಕ್ಕೆ ಅಂಗಡಿಯದಾದರೆ 5–10 ಗ್ರಾಂ, ಮನೆಯದಾದರೆ ಒಂದು ಹಿಡಿ. ಬೀಜದ ಎರಡು ಬೆರಳು ಕೆಳಗೆ ಹಾಕಿ. ಮೇಲೆ ಉದುರಿಸಿದರೆ ಬೇರಿಗೆ ತಾಗುವುದೇ ಇಲ್ಲ.

ಪೊಟ್ಟಣ ಕೊಳ್ಳುವಾಗ ಏನು ನೋಡಬೇಕು?

ತಯಾರಿಸಿದ ದಿನ, ಶಿಲೀಂಧ್ರದ ಹೆಸರು, ಗ್ರಾಂಗೆ ಎಷ್ಟು ಜೀವಂತ ಘಟಕಗಳೆಂಬ (ಬೇರಿಗೆ ಹತ್ತಬಲ್ಲ ಬೀಜಕ, ಎಳೆ, ಬೇರಿನ ತುಂಡು) ಲೆಕ್ಕ. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗ್ರಾಂಗೆ ಕನಿಷ್ಠ 100 ಎಂದಿದೆ. ಬಿಸಿಲಿಗೆ ಇಟ್ಟ ಪೊಟ್ಟಣ, ‘ಎಲ್ಲ ಬೆಳೆಗೂ, ಎಲ್ಲ ರೋಗಕ್ಕೂ’ ಎಂದು ಬರೆದ ಪೊಟ್ಟಣ ಬೇಡ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಮತ್ತವರ ಶಿಷ್ಯರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದ್ದಾರೆ. ಒಂದೊಂದು ಗಿಡಕ್ಕೆ ಒಂದೊಂದು ಶಿಲೀಂಧ್ರ ಹೆಚ್ಚು ಒಗ್ಗುತ್ತದೆ ಎನ್ನುವುದು ಆ ಬಗೆಯ ಕೆಲಸದಿಂದ ತಿಳಿದ ಮಾತು.

ಟ್ರೈಕೊಡರ್ಮಾ ಹಾಕಿದ್ದೇವೆ, ಅದೇ ಸಾಲದೇ?

ಅದು ಬೇರೆ ಶಿಲೀಂಧ್ರ, ಬೇರೆ ಕೆಲಸ: ರೋಗದ ಶಿಲೀಂಧ್ರಗಳೊಂದಿಗೆ ಕಾದಾಡುತ್ತದೆ, ಕೊಳೆತದ್ದನ್ನು ತಿಂದು ಬದುಕುತ್ತದೆ.

ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದರೆ ಬೇರಿನ ಶಿಲೀಂಧ್ರ ಸಾಯುತ್ತದೆಯೇ?

ಅಡಿಕೆ ಗೊನೆಗೆ ಹೊಡೆದದ್ದರಿಂದ ಕೂಡಲೇ ಸಾಯುವುದಿಲ್ಲ. ಆದರೆ ಅದರಲ್ಲಿರುವ ತಾಮ್ರ ಮಣ್ಣಿನಿಂದ ಹೋಗುವುದಿಲ್ಲ, ವರ್ಷ ವರ್ಷ ಕೂಡುತ್ತದೆ, ಹೆಚ್ಚಾದರೆ ಎಳೆಗಳಿಗೆ ವಿಷ. ಕೊಳೆರೋಗಕ್ಕೆ ಬೋರ್ಡೊ ಬಿಡಿ ಎಂದು ನಾವು ಹೇಳುವುದಿಲ್ಲ. ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಮರದ ಬುಡಕ್ಕೆ ಚೆಲ್ಲಬೇಡಿ. ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯುವುದು ಇದಕ್ಕಿಂತ ಕೆಟ್ಟದ್ದು, ವ್ಯಾಮ್‌ಗೆ ನೇರ ಏಟು.

ಬೇರಿಗೆ ಹತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಎಕ್ಟೊ ಬಗೆಗೆ 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಸಸಿಯ ಬೇರನ್ನು ನೀರಿನ ಬಟ್ಟಲಲ್ಲಿ ನಿಧಾನ ತೊಳೆಯಿರಿ, ನಲ್ಲಿಯ ಕೆಳಗೆ ಹಿಡಿಯಬೇಡಿ, ತುದಿ ಉದುರಿಹೋಗುತ್ತದೆ. ಮೊಂಡಾಗಿ ಊದಿದ, ಗಿಡ್ಡ ಕವಲಿನ, ಬಿಳಿ ಅಥವಾ ಹಳದಿ ಇಲ್ಲವೇ ಕಂದು ಹೊದಿಕೆಯ, ಬೇರುಕೂದಲಿಲ್ಲದ ತುದಿಗಳು ಕಂಡರೆ ಹತ್ತಿದೆ ಎಂದೇ.

ವ್ಯಾಮ್‌ಗೆ ಸೂಕ್ಷ್ಮದರ್ಶಕ ಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿಸಬಹುದು. ಕೂದಲುಬೇರನ್ನು ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 90 ಡಿಗ್ರಿ ಶಾಖದಲ್ಲಿ ಸುಮಾರು ಒಂದು ಗಂಟೆ ಇಟ್ಟು (ಕೈಗವಸು, ಕನ್ನಡಕ ಕಡ್ಡಾಯ) ಚೆನ್ನಾಗಿ ತೊಳೆಯಿರಿ. 95 ಮಿ.ಲೀ. ಬಿಳಿ ವಿನೆಗರಿಗೆ 5 ಮಿ.ಲೀ. ಕಪ್ಪು ಫೌಂಟನ್ ಪೆನ್ ಶಾಯಿ ಬೆರೆಸಿ, ಅದರಲ್ಲಿ ಮೂರು ನಿಮಿಷ ಕುದಿಸಿ. ಆಮೇಲೆ ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ ನೆನೆಸಿದರೆ ಬೇರು ತಿಳಿಯಾಗಿ, ಶಿಲೀಂಧ್ರ ಮಾತ್ರ ಬಣ್ಣದಲ್ಲಿ ಉಳಿಯುತ್ತದೆ. ಎಲ್ಲ ಶಾಯಿಯೂ ಹಿಡಿಯುವುದಿಲ್ಲ, ಒಂದೆರಡು ಬಗೆ ಪರೀಕ್ಷಿಸಿ.

ಅಕೇಶಿಯಾ ಕಡಿದ ಜಾಗದಲ್ಲಿ ಕಾಡುಮರ ಎಬ್ಬಿಸಬೇಕು. ಶಿಲೀಂಧ್ರ ಎಲ್ಲಿಂದ ಬರಬೇಕು?

ವ್ಯಾಮ್ ಸಾಮಾನ್ಯವಾಗಿ ಅಲ್ಲಿ ಇರುತ್ತದೆ. ಜೆಸಿಬಿಯಲ್ಲಿ ಮೇಲಿನ ಒಂದಡಿ ಮಣ್ಣು ಕೆರೆದು ಮಟ್ಟ ಮಾಡಿದರೆ ಅದೂ ಹೋಯಿತು. ಬುಡ ಕೀಳಬೇಡಿ, ತರಗೆಲೆ ಸುಡಬೇಡಿ, ಸಸಿ ಇಡುವ ಕಡೆ ಮಾತ್ರ ಗುಂಡಿ ಅಗೆಯಿರಿ. ಮೊದಲ ಎರಡು ಮಳೆಗಾಲ ಮತ್ತಿ, ಹೊನ್ನೆ, ನಂದಿ, ಹಲಸು ನೆಡಿ. ಅವು ನೆರಳು ಕೊಡಲು ಶುರುಮಾಡಿದ ಮೇಲೆ, ನರ್ಸರಿಯಲ್ಲೇ ಎಕ್ಟೊ ಹತ್ತಿಸಿಕೊಂಡ ಧೂಪ, ಹೈಗದ ಸಸಿಗಳನ್ನು ನಡುನಡುವೆ ಇಡಿ. ಅಕೇಶಿಯಾದ ಬೇರಿನಲ್ಲಿರುವ ಎಕ್ಟೊ ಶಿಲೀಂಧ್ರ ಧೂಪಕ್ಕೂ ಒಗ್ಗುತ್ತದೆಂದು ನಂಬಿ ಕೂರಬೇಡಿ. ಪಕ್ಕದಲ್ಲಿ ಹಳೆಯ ಕಾನು (ದಟ್ಟ ಕಾಡು) ಇದ್ದರೆ ಆ ಅಂಚಿನಿಂದಲೇ ನೆಡುತ್ತಾ ಬನ್ನಿ, ಹಳೆಯ ಮರದ ಬೇರು ಹರಡಿರುವಷ್ಟು ದೂರದೊಳಗಿನ ಸಸಿಗೆ ಶಿಲೀಂಧ್ರ ತಾನಾಗಿ ಹತ್ತುವ ಅವಕಾಶ ಹೆಚ್ಚು.